ಗದ್ದ ಅಲುಗದಂತೆ ನೋಡಿಕೊಂಡವರಿಗೆ

ಹೆಸರೂ ಹೇಳದೆ ಸ್ಕ್ಯಾನ್ ಮಾಡಿಕೊಟ್ಟ ಟೆಕ್ನಿಷಿಯನ್‌ಗೆ ನಮ್ಮ ದಂತವೈದ್ಯರ ತಂಡದ ಧನ್ಯವಾದ. ನಮ್ಮ ರೋಗಿಯೊಬ್ಬರ ಮೇಲಿನ ದವಡೆಹಲ್ಲಿಗೆ ರೂಟ್ ಕೆನಾಲ್ ಆಗಿ ವರ್ಷವಾದರೂ ಕಚ್ಚಿದಾಗ ಸಣ್ಣ ನೋವು. ಮಾಮೂಲಿ ಎಕ್ಸ್‌ರೇಯಲ್ಲಿ ಕೆನ್ನೆಮೂಳೆಯ ನೆರಳು ಬೇರಿನ ತುದಿಯ ಮೇಲೇ ಬಿದ್ದು, ಅಲ್ಲಿ ಕರಗಿದ್ದ ಮೂಳೆ ಮತ್ತೆ ತುಂಬಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಂಥಲ್ಲಿ ಮಾತ್ರ ಮೂರು ಆಯಾಮದ ಸಿಬಿಸಿಟಿ (ಕೋನ್ ಬೀಮ್ ಸಿಟಿ) ಸ್ಕ್ಯಾನ್. ಪ್ರತಿ ತಪಾಸಣೆಗೂ ಬೇಡ, ವಿಕಿರಣ ಜಾಸ್ತಿ.

ನೀವು ಇಡೀ ದವಡೆ ಹಿಡಿಯದೆ 5×5 ಸೆಂ.ಮೀ.ಗೇ ನಿಲ್ಲಿಸಿದಿರಿ. ಹಳೆಯ ಸ್ಕ್ಯಾನಿನ ಸೆಟ್ಟಿಂಗ್ ಹುಡುಕಿ ಅದೇ 0.125 ಮಿ.ಮೀ. ವಾಕ್ಸೆಲ್ (ಮೂರು ಆಯಾಮದ ಚಿತ್ರದ ಅತಿ ಸಣ್ಣ ಚೌಕ) ಇಟ್ಟಿರಿ. ಅದು ಬದಲಾದರೆ ಬೇರಿನ ತುದಿಯ ಗಾಯದ ಅಂಚೇ ಬೇರೆಯಾಗಿ ಕಂಡು, ಕುಗ್ಗಿದ್ದು ನಿಜವೋ ಯಂತ್ರದ ಆಟವೋ ಹೇಳಲಾಗದು. ಗದ್ದವನ್ನು ಆಸರೆಗೆ ಒತ್ತಿಸಿ, ತಲೆಗೆ ಪಟ್ಟಿ ಕಟ್ಟಿ, "ಮುಗಿಯುವವರೆಗೆ ಉಗುಳು ನುಂಗಬೇಡಿ" ಅಂದಿರಿ. ಒಂದು ಸಲ ನುಂಗಿದರೂ ಸಾಕು, ಬೇರಿನ ಅಂಚು ಜೋಡಿಗೆರೆಯಾಗಿಬಿಡಬಹುದು.

ಬೇರಿನೊಳಗೆ ತುಂಬಿದ ಗಟ್ಟಾಪರ್ಚಾದ ಪಕ್ಕ ಕಪ್ಪು ಪಟ್ಟೆ ಬಂದಿದೆ. ಬರುವಂಥದ್ದೇ, ಅದನ್ನು ಬಿರುಕೆಂದು ಓದಬಾರದು, ಅಷ್ಟೇ. ಮೂರೂ ದಿಕ್ಕಿನ ಕೊಯ್ತಗಳಲ್ಲಿ ಅಳೆದೆವು: ಬೇರಿನ ತುದಿಯಲ್ಲಿ ಮೂಳೆಯಿಲ್ಲದೆ 6 ಮಿ.ಮೀ. ಇದ್ದ ಕಪ್ಪು ಭಾಗ 2 ಮಿ.ಮೀ.ಗೆ ಇಳಿದಿದೆ. ಹಲ್ಲು ಕೀಳುವ ಮಾತು ಸದ್ಯಕ್ಕಿಲ್ಲ. ನೋವು ಹೆಚ್ಚಾದರೆ ಮಾತ್ರ ಮತ್ತೆ ನಿಮ್ಮ ಕುರ್ಚಿಗೆ ಕಳಿಸುತ್ತೇವೆ.