ಗೋಬೆಲ್ ಜೊತೆ ಆ ಇಬ್ಬರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ರಾಜಕೀಯ ಕೊಲೆಗಳ ಬಗ್ಗೆ ಬಂದ ಲೇಖನ ಓದಿದೆ. ಕೆಂಟಕಿ ರಾಜ್ಯದ ವಿಲಿಯಂ ಗೋಬೆಲ್ ಬಗ್ಗೆ ಅದರಲ್ಲಿ ಒಂದೇ ಸಾಲಿತ್ತು. ಗವರ್ನರ್ ಚುನಾವಣೆ ಗೆದ್ದರು, ಗುಂಡೇಟಿಗೆ ಬಲಿಯಾದರು ಅಂತ. ಅಧಿಕಾರದಲ್ಲಿದ್ದಾಗ ಕೊಲೆಯಾದ ಅಮೆರಿಕದ ಏಕೈಕ ರಾಜ್ಯ ಗವರ್ನರ್ ಅವರು ಎನ್ನುವುದು ನಿಜ. ಆದರೆ ‘ಗೆದ್ದರು’ ಎಂದು ಅಷ್ಟು ಸಲೀಸಾಗಿ ಬರೆದುಬಿಡಬಾರದಿತ್ತು.

1899ರ ನವೆಂಬರ್ 7ರಂದು ಮತದಾನ ನಡೆಯಿತು. ರಿಪಬ್ಲಿಕನ್ ಪಕ್ಷದ ವಿಲಿಯಂ ಟೇಲರ್‌ಗೆ 1,93,714 ಮತ ಬಂತು. ಡೆಮಾಕ್ರಟಿಕ್ ಪಕ್ಷದ ಗೋಬೆಲ್‌ಗೆ 1,91,331. ಅಂದರೆ ಗೋಬೆಲ್ 2,383 ಮತ ಹಿಂದೆ ಇದ್ದರು. ಅವರ ಮೇಲೆ ಸಿಟ್ಟಾಗಿ ಅವರದೇ ಪಕ್ಷದ ಮಾಜಿ ಗವರ್ನರ್ ಜಾನ್ ಬ್ರೌನ್ ಬೇರೆ ಕಣಕ್ಕಿಳಿದು 12 ಸಾವಿರ ಚಿಲ್ಲರೆ ಮತ ಸೆಳೆದಿದ್ದರು.

ಆ ಸಿಟ್ಟಿಗೆ ದೊಡ್ಡ ಕಾರಣ ಒಂದು ಕಾನೂನು. 1898ರಲ್ಲಿ ಅದನ್ನು ತಂದವರು ಗೋಬೆಲ್ ಅವರೇ. ಇಡೀ ರಾಜ್ಯದ ಫಲಿತಾಂಶ ಪರಿಶೀಲಿಸಲು ಮೂವರ ಮಂಡಳಿ. ಆ ಮೂವರನ್ನು ಆರಿಸುವುದು ಶಾಸನಸಭೆ. ಸಭೆ ಇದ್ದದ್ದು ಗೋಬೆಲ್ ಪಕ್ಷದ ಕೈಯಲ್ಲಿ. ಜಿಲ್ಲೆಗಳ ಚುನಾವಣಾ ಅಧಿಕಾರಿಗಳನ್ನು ನೇಮಿಸುವುದೂ ಇದೇ ಮಂಡಳಿ. ಆಗಿನ ಗವರ್ನರ್ ಬ್ರಾಡ್ಲಿ ಮಸೂದೆಯನ್ನು ತಿರಸ್ಕರಿಸಿದರು. ಸಭೆ ಅದನ್ನು ಮೀರಿ ಪಾಸು ಮಾಡಿತು. ಆಟ ಆಡುವವರೇ ಅಂಪೈರ್ ನೇಮಿಸಿಕೊಂಡ ಹಾಗೆ, ಅಲ್ವಾ?

ನಾನು ಈ ಪತ್ರ ಬರೆಯಲು ಕಾರಣ ಆ ಮೂವರು. ಪ್ರಯರ್, ಎಲ್ಲಿಸ್, ಪಾಯಿಂಟ್ಜ್. ಮೂವರೂ ಗೋಬೆಲ್ ಪಕ್ಷದವರೇ. ಅವರ ಮುಂದೆ ಗೋಬೆಲ್ ಕಡೆಯವರು ತಕರಾರುಗಳ ರಾಶಿಯನ್ನೇ ಹಾಕಿದರು. ಕೆಲವು ಗುಡ್ಡಗಾಡು ಜಿಲ್ಲೆಗಳ ಮತಪತ್ರ ತೀರಾ ತೆಳು, ಯಾರಿಗೆ ಗುರುತು ಹಾಕಿದ್ದಾರೆಂದು ಹಿಂಬದಿಯಿಂದಲೇ ಕಾಣುತ್ತದೆ, ಆ ಮತಗಳನ್ನೆಲ್ಲ ರದ್ದು ಮಾಡಿ ಎಂದರು. ಲೂಯಿವಿಲ್ ನಗರದಲ್ಲಿ ಸೈನಿಕರನ್ನು ಇಳಿಸಿ ಜನರನ್ನು ಹೆದರಿಸಿದ್ದಾರೆ, ಅಲ್ಲಿನದೂ ಬೇಡ ಎಂದರು. ಒಪ್ಪಿಕೊಂಡಿದ್ದರೆ ಕೆಲಸ ಮುಗಿದೇ ಹೋಗುತ್ತಿತ್ತು. ಆದರೆ ಪ್ರಯರ್ ಮತ್ತು ಎಲ್ಲಿಸ್ ಒಪ್ಪಲಿಲ್ಲ. ಬಂದ ಲೆಕ್ಕ ಕೂಡಿಸುವುದಷ್ಟೇ ನಮ್ಮ ಕೆಲಸ, ನ್ಯಾಯಾಲಯದ ಹಾಗೆ ಮತ ರದ್ದು ಮಾಡುವ ಅಧಿಕಾರ ನಮಗಿಲ್ಲ ಎಂಬುದು ಅವರ ನಿಲುವು. ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ. ತಮ್ಮ ಪಕ್ಷದ ಸಭೆ ಕೂರಿಸಿದ್ದ ಕುರ್ಚಿಯಲ್ಲಿ ಕೂತು ಎದುರು ಪಕ್ಷದ ಟೇಲರ್ ಗೆದ್ದರೆಂದು ಬರೆದುಕೊಟ್ಟರು.

ನಾನು ಟೀಚರ್ ಆಗಿದ್ದವಳು. ಗ್ರಾಮ ಪಂಚಾಯಿತಿ ಚುನಾವಣೆಗಳಲ್ಲಿ ಎಣಿಕೆ ಟೇಬಲ್‌ನಲ್ಲಿ ಕೂತಿದ್ದೇನೆ. ಮತಪತ್ರ ಬಿಡಿಸುವಾಗ ಎದುರಿಗೆ ಕೂತ ಏಜೆಂಟರ ಕಣ್ಣು ನನ್ನ ಹೆಬ್ಬೆರಳ ಮೇಲೇ ಇರುತ್ತಿತ್ತು. ಶಾಯಿ ಗೆರೆಯ ಮೇಲೆ ಬಿದ್ದಿರುವ ಒಂದು ಚೀಟಿ ಸಿಕ್ಕರೆ ಸಾಕು, ಇಡೀ ಕೋಣೆ ಗಪ್‌ಚುಪ್. ನಮ್ಮೂರಿನವರೇ, ದಿನಾ ಮಾತಾಡಿಸುವವರೇ, ‘ಮೇಡಂ, ಸ್ವಲ್ಪ ನೋಡಿ’ ಅನ್ನುತ್ತಿದ್ದರು. ಆ ‘ಸ್ವಲ್ಪ ನೋಡಿ’ಯ ಭಾರ ಎಷ್ಟೆಂದು ನನಗೆ ಗೊತ್ತು. ಹಾಗಾಗಿಯೇ ಆ ಇಬ್ಬರ ಮೇಲೆ ನನಗೆ ಇಷ್ಟು ಗೌರವ.

ಮುಂದಿನದು ದುಃಖದ ಕಥೆ. ಡಿಸೆಂಬರ್ 12ರಂದು ಟೇಲರ್ ಪ್ರಮಾಣ ವಚನ ಸ್ವೀಕರಿಸಿದರು. ಗೋಬೆಲ್ ಪಕ್ಷ ದೂರನ್ನು ಶಾಸನಸಭೆಗೆ ಒಯ್ದಿತು. ಚೀಟಿ ಎತ್ತಿ ಆರಿಸಿದ 11 ಜನರ ಸಮಿತಿಯಲ್ಲಿ ರಿಪಬ್ಲಿಕನ್ ಒಬ್ಬರೇ! ಅತ್ತ ಬಂದೂಕು ಹಿಡಿದ ಗುಡ್ಡಗಾಡಿನ ಜನ ರೈಲು ತುಂಬಿಕೊಂಡು ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಬಂದಿಳಿದರು. 1900ರ ಜನವರಿ 30ರ ಬೆಳಿಗ್ಗೆ ಶಾಸನಸಭೆಯ ಕಡೆ ನಡೆದು ಹೋಗುತ್ತಿದ್ದ ಗೋಬೆಲ್‌ಗೆ ಗುಂಡು ಬಿತ್ತು. ಮರುದಿನ ಅವರೇ ಗವರ್ನರ್ ಎಂದು ಘೋಷಣೆಯಾಯಿತು. ಹಾಸಿಗೆಯಲ್ಲೇ ಪ್ರಮಾಣ ವಚನ. ಫೆಬ್ರವರಿ 3ರಂದು ತೀರಿಕೊಂಡರು. ಒಂದು ರಾಜ್ಯಕ್ಕೆ ಇಬ್ಬರು ಗವರ್ನರ್‌ಗಳು ಎಂಬ ಸ್ಥಿತಿ ಮೇವರೆಗೆ ನಡೆಯಿತು. ಅಮೆರಿಕದ ಸುಪ್ರೀಂ ಕೋರ್ಟ್ ಇದರಲ್ಲಿ ಕೈಹಾಕುವುದಿಲ್ಲ ಎಂದ ಮೇಲೆ ಟೇಲರ್ ಇಂಡಿಯಾನಾ ರಾಜ್ಯಕ್ಕೆ ಹೋಗಿಬಿಟ್ಟರು. ಗೋಬೆಲ್ ಜೊತೆ ಉಪ ಗವರ್ನರ್ ಸ್ಥಾನಕ್ಕೆ ನಿಂತು, ಅವರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದಿದ್ದ ಮೂವತ್ತು ವರ್ಷದ ಬೆಕಂ ಗವರ್ನರ್ ಆಗಿ ಉಳಿದರು. ಗುಂಡು ಹಾರಿಸಿದವರು ಯಾರೆಂದು ಇವತ್ತಿಗೂ ಖಚಿತವಾಗಿಲ್ಲ. ಆ ಚುನಾವಣಾ ಕಾನೂನನ್ನಂತೂ ಅದೇ ವರ್ಷ ವಿಶೇಷ ಅಧಿವೇಶನ ಕರೆದು ಬದಲಾಯಿಸಿದರು.

ಗೋಬೆಲ್ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಜರ್ಮನಿಯಿಂದ ವಲಸೆ ಬಂದವರ ಮಗ. ದೊಡ್ಡ ರೈಲ್ವೆ ಕಂಪನಿಯನ್ನು ಎದುರು ಹಾಕಿಕೊಂಡು ಸಾಮಾನ್ಯ ಜನರ ಪರ ನಿಂತವರು. ಆದರೆ 1895ರಲ್ಲಿ ಬೀದಿಯಲ್ಲಿ ನಡೆದ ಗುಂಡಿನ ಜಗಳದಲ್ಲಿ ಒಬ್ಬ ಎದುರಾಳಿಯನ್ನು ಕೊಂದವರೂ ಅವರೇ. (ಕೆಂಟಕಿಯಲ್ಲಿ ಅಧಿಕಾರಕ್ಕೆ ಬರುವವರು ಈಗಲೂ ‘ನಾನು ದ್ವಂದ್ವಯುದ್ಧ ಮಾಡಿಲ್ಲ’ ಎಂದು ಪ್ರಮಾಣ ಮಾಡಬೇಕು. ಅಲ್ಲಿನ ರಾಜಕೀಯ ಹೇಗಿತ್ತೆಂದು ಅಷ್ಟರಲ್ಲೇ ತಿಳಿಯುತ್ತದೆ.)

ಲೆಕ್ಸಿಂಗ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಫ್ರಾಂಕ್‌ಫರ್ಟ್‌ನ ಹಳೆಯ ಶಾಸನಸಭಾ ಕಟ್ಟಡ ನೋಡಿ ಬಂದೆ. ಒಳಗಿನ ಕಲ್ಲಿನ ಸುತ್ತು ಮೆಟ್ಟಿಲಿಗೆ ಕಂಬದ ಆಸರೆಯೇ ಇಲ್ಲ, ಕಲ್ಲಿಗೆ ಕಲ್ಲೇ ಆತುಕೊಂಡು ನಿಂತಿದೆ. ಹೊರಗೆ ಗೋಬೆಲ್ ಪ್ರತಿಮೆ. ಅವರು ಬಿದ್ದ ಜಾಗದಲ್ಲಿ ಕಾಲುದಾರಿಯಲ್ಲೇ ಒಂದು ಫಲಕ. ಮಳೆ ಬಂದು ನಿಂತಿತ್ತು, ಅಕ್ಷರಗಳಲ್ಲಿ ನೀರು ತುಂಬಿಕೊಂಡಿತ್ತು. ಪ್ರತಿಮೆಗೆ ಒಂದು ಸುತ್ತು ಬಂದೆ. ಪ್ರಯರ್, ಎಲ್ಲಿಸ್ ಹೆಸರು ನನಗೆ ಕಾಣಲಿಲ್ಲ.

ಸಂಪಾದಕರೇ, ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಎಣಿಕೆಯಲ್ಲಿ ಮುಂದಿದ್ದವರು ಟೇಲರ್ ಎಂದು ಬರೆಯಿರಿ. ಜಾಗ ಇದ್ದರೆ ಆ ಇಬ್ಬರ ಹೆಸರನ್ನೂ ಸೇರಿಸಿ.

ಇಂತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ