ಮನೆಯಲ್ಲೇ ತುಂಬಿಸಿದ ಕ್ಯಾಸೆಟ್‌ಗಳನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಕಾಲದ ಹಾಡೆಲ್ಲ ಮೊಬೈಲ್‌ನಲ್ಲೇ ಸಿಗುತ್ತಲ್ವಾ, ಹಳೇ ಕ್ಯಾಸೆಟ್ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಮಕ್ಕಳು ಕೇಳುತ್ತಾರೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳ ಮಟ್ಟಿಗೆ ಅದು ನಿಜ. 1987ರ ‘ಪ್ರೇಮಲೋಕ’ದ ಹಾಡು ಬೇಕೆಂದರೆ ಈಗಲೇ ಕೇಳಬಹುದು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ ತೀರಿಕೊಂಡರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಅವರ ದನಿ ಎಲ್ಲಿಗೂ ಹೋಗಿಲ್ಲ. ನನ್ನ ಚಿಂತೆ ನಾವೇ ಮನೆಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್‌ಗಳದ್ದು. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ನಾನು ಹೈಸ್ಕೂಲು, ಪಿಯುಸಿ ಓದಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ. ನಮಗೆ ಹಾಡು ಅಂದರೆ ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ಆ ಕೇಂದ್ರದ 675 ಕಿಲೋಹರ್ಟ್ಸ್ ಬಿಟ್ಟು ನಮ್ಮನೆ ರೇಡಿಯೋದ ಮುಳ್ಳು ಅಲುಗಿದ್ದೇ ಕಡಿಮೆ. ಚಿತ್ರಗೀತೆ ಬರುವ ಹೊತ್ತಿಗೆ ಟೇಪ್ ರೆಕಾರ್ಡರ್ ಮುಂದಿಟ್ಟು, ಕೆಂಪು ಗುಂಡಿ ಒತ್ತಿ, ಎಲ್ಲರನ್ನೂ ಸುಮ್ನಿರಿಸುತ್ತಿದ್ದೆ. ಹೆಂಚಿನ ಮೇಲಿನ ಮಳೆ ಮಾತ್ರ ಎಲ್ಲ ಹಾಡಿನಲ್ಲೂ ಸೇರಿಕೊಂಡಿದೆ.

ಅದಕ್ಕಿಂತ ದೊಡ್ಡ ಆಸ್ತಿ ಅಡಿಕೆ ಸುಲಿಯುವ ರಾತ್ರಿಯದ್ದು. ಕೊಯ್ಲು ಬಂತೆಂದರೆ ಜಗಲಿ ತುಂಬ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಬಹಳ ಹೊತ್ತು ಸುಲಿಯುತ್ತಿದ್ದರು. ನಿದ್ದೆ ಹತ್ತದಿರಲಿ ಅಂತ ಟೇಪ್ ಹಾಕುತ್ತಿದ್ದೆವು. ಕರೆಂಟ್ ಹೋದರೆ ಸೆಲ್. ಸೆಲ್ ಇಳಿಯುತ್ತಾ ಬಂದ ಹಾಗೆ ಎಸ್. ಜಾನಕಿಯವರ ದನಿಯೂ ಎಳೆದು ಎಳೆದು ಗಡಸಾಗುತ್ತಿತ್ತು. ಆಗ ಆಚೆ ಕೇರಿಯ ಒಬ್ಬಾಕೆ “ಅದನ್ನು ಆರಿಸು” ಎಂದು ಹಾಡನ್ನು ತಾವೇ ಎತ್ತಿಕೊಳ್ಳುತ್ತಿದ್ದರು. ಅದೇ ಸಿನಿಮಾ ಹಾಡು, ಆದರೆ ಓಟ ಇಳಿದು ಸುಲಿಯುವ ಕೈಯ ಲಯಕ್ಕೆ ಬಂದಿರುತ್ತಿತ್ತು. ಚರಣ ಮರೆತರೆ ಸೋಬಾನೆಯ ಸಾಲೊಂದನ್ನು ಸೇರಿಸಿ ಮುಂದೆ ಹೋಗುವರು. ಉಳಿದವರು ಸೊಲ್ಲು ಹಿಡಿಯುವರು. ಒಂದು ರಾತ್ರಿ ಹೊಸ ಸೆಲ್ ಹಾಕಿ ಒಂದು ಸೈಡ್ ಪೂರ್ತಿ ತುಂಬಿಸಿದೆ. ಹಾಡಿನ ಹಿಂದೆ ಬುಟ್ಟಿಗೆ ಅಡಿಕೆ ಬೀಳುವ ಸದ್ದಿದೆ. ಆಕೆ ಈಗಿಲ್ಲ. ಅಷ್ಟು ಚೆಂದದ ದನಿ ಬೇರೆಲ್ಲೂ ದಾಖಲಾಗಲಿಲ್ಲ.

ಈ ಬೇಸಿಗೆಯಲ್ಲಿ ಡಬ್ಬ ತೆಗೆದರೆ ಸುರುಳಿಯ ಅಂಚಿಗೆಲ್ಲ ಬಿಳಿ ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುವ ಸೀಮೆ ನಮ್ಮದು. ಟೇಪಿಗೆ ಬಳಿದ ಅಂಟೇ ಬೂಷ್ಟಿಗೆ ಆಹಾರ. ಹಾಗೇ ಓಡಿಸಿದರೆ ಅದು ಟೇಪ್ ರೆಕಾರ್ಡರ್‌ನ ಹೆಡ್ಡಿಗೆ, ಅಂದರೆ ಟೇಪ್ ಉಜ್ಜಿಕೊಂಡು ಓಡುವ ಭಾಗಕ್ಕೆ, ಮೆತ್ತಿ, ಮುಂದೆ ಹಾಕುವ ಕ್ಯಾಸೆಟ್‌ಗೂ ಹತ್ತುತ್ತದೆ. ಪ್ರತಿ ಮಾಡಿಸಲು ಹೋದ ಅಂಗಡಿಯಲ್ಲಿ “ಎಸೆದುಬಿಡಿ ಮೇಡಂ” ಅಂದರು. ಮನಸ್ಸಿಗೆ ತುಂಬ ನೋವಾಯಿತು.

ದಯವಿಟ್ಟು ಯಾರೂ ಎಸೆಯಬೇಡಿ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ. ಕಾವು, ಹೊಗೆ ಎರಡೂ ಟೇಪಿಗೆ ಆಗುವುದಿಲ್ಲ. ಒಣಗಿದ ಡಬ್ಬದಲ್ಲಿ ಸ್ಪೀಕರ್‌ನಿಂದ ದೂರ ಇಡಿ. ಕ್ಯಾಸೆಟ್ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಮುರಿದಿಟ್ಟರೆ ಮನೆಯವರು ಯಾರಾದರೂ ಅದರ ಮೇಲೇ ಬೇರೇನೋ ತುಂಬುವ ಭಯ ಇರದು.

ನಾವು ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಮುಂದಿನದು ಸಂಸ್ಥೆಗಳ ಕೆಲಸ. ಕುವೆಂಪು ವಿಶ್ವವಿದ್ಯಾಲಯವೋ ಜಿಲ್ಲಾ ಗ್ರಂಥಾಲಯವೋ ಮನಸ್ಸು ಮಾಡಬೇಕು. ಬೇಕಾಗಿರುವುದು ಕ್ಯಾಸೆಟ್ ಓಡಿಸುವ ಒಂದು ಒಳ್ಳೆಯ ಡೆಕ್, ಒಂದು ಕಂಪ್ಯೂಟರ್, ಬೂಷ್ಟು ತೆಗೆಯಲು ಗೊತ್ತಿರುವ ಒಬ್ಬರು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಚೆನ್ನಾಗಿ ಇಳಿಸಿಕೊಳ್ಳಲು ಅರವತ್ತು ನಿಮಿಷವೇ ಬೇಕು, ಆದ್ದರಿಂದ ತಾಳ್ಮೆಯೂ ಬೇಕು. ಸಾಗರದ ಮಾರಿಕಾಂಬಾ ಜಾತ್ರೆಯ ಆರ್ಕೆಸ್ಟ್ರಾ ಹಾಡು, ಶಾಲಾ ವಾರ್ಷಿಕೋತ್ಸವದ ಭಾವಗೀತೆ ಯಾರ ಮನೆಯಲ್ಲಿದೆಯೋ ಬರೆದು ತಿಳಿಸಿ ಎಂದು ನಿಮ್ಮ ಪತ್ರಿಕೆಯೇ ಓದುಗರನ್ನು ಕೇಳಬಾರದೇಕೆ? ಮೃಗಶಿರಾ ಮಳೆ ಹಿಡಿಯುವುದರೊಳಗೆ ಯಾರಾದರೂ ಮುಂದೆ ಬಂದರೆ ನನ್ನ ಡಬ್ಬವನ್ನು ಮೊದಲು ತಂದುಕೊಡುತ್ತೇನೆ.

ಇಂತಿ,
ನಿಮ್ಮ ಓದುಗಿ, ತೀರ್ಥಹಳ್ಳಿ ತಾಲ್ಲೂಕು