ಖಂಡಗಳ ಪ್ರಶ್ನೆಯ ಕುರಿತು ಗುಂಪಿಗೆ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಾವು ಸಿದ್ಧಪಡಿಸುತ್ತಿರುವ ರಸಪ್ರಶ್ನೆಯಲ್ಲಿ ‘ಖಂಡಗಳು ಎಷ್ಟು?’ ಎಂದಷ್ಟೇ ಕೇಳಿ, ಏಳು ಎಂದು ಬರೆಯದವರ ಅಂಕ ಕಳೆಯುವುದು ಬೇಡವೆಂದು ವಿನಂತಿಸುತ್ತೇನೆ. ನಮ್ಮಲ್ಲಿ ಕಲಿಸುವುದು ಏಳೇ ಆದರೂ, ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಎರಡೂ ಅಮೆರಿಕಗಳನ್ನು ಒಂದೇ ಖಂಡವೆಂದು ಎಣಿಸುತ್ತಾರೆ. ರಷ್ಯಾದಲ್ಲಿ ಯುರೋಪ್, ಏಷ್ಯಾ ಸೇರಿ ಯುರೇಷ್ಯಾ ಎಂಬ ಒಂದೇ ಖಂಡ.

ಮೊನ್ನೆ ಅಭ್ಯಾಸದ ಹೊತ್ತಿನಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ನಕಾಶೆಯ ಮೇಲೆ ನಮ್ಮ ಕರಾವಳಿಯಿಂದ ಬೆರಳೆಳೆಯುತ್ತಾ, ಯುರಾಲ್ ಪರ್ವತಸಾಲನ್ನು ದಾಟಿ ಪೋರ್ಚುಗಲ್ ಮುಟ್ಟಿ, ‘ನಡುವೆ ಕಡಲೇ ಇಲ್ಲವಲ್ಲ, ಮತ್ತೇಕೆ ಎರಡು ಖಂಡ?’ ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದುದು. ಪ್ರಾಚೀನ ಗ್ರೀಕರು ಈಗಿನ ರಷ್ಯಾದಲ್ಲಿರುವ ಡಾನ್ ನದಿಯನ್ನು ಯುರೋಪ್, ಏಷ್ಯಾಗಳ ಗಡಿಯೆಂದರು. ಯುರಾಲ್ ಗಡಿಯಾದದ್ದು 18ನೆಯ ಶತಮಾನದಿಂದೀಚೆಗೆ. ಆಫ್ರಿಕ ಮತ್ತು ಏಷ್ಯಾಗಳ ನಡುವಿನ ನೆಲವನ್ನು ಸೀಳಿದ ಸೂಯೆಜ್ ಕಾಲುವೆಯೂ 1869ರಲ್ಲಿ ಮನುಷ್ಯರೇ ತೆರೆದದ್ದು.

ಸುಮಾರು 21.6 ಲಕ್ಷ ಚದರ ಕಿಲೋಮೀಟರಿನ ಗ್ರೀನ್‌ಲ್ಯಾಂಡ್ ದ್ವೀಪ, 76.9 ಲಕ್ಷದ ಆಸ್ಟ್ರೇಲಿಯ ಖಂಡ ಎನ್ನುವುದೂ ಬಹುಮಟ್ಟಿಗೆ ರೂಢಿಯೇ.

ಆದ್ದರಿಂದ ಪ್ರಶ್ನೆಯನ್ನು ‘ನಮ್ಮ ಪಠ್ಯಪುಸ್ತಕದ ಪ್ರಕಾರ’ ಎಂದು ತಿದ್ದಿ, ಆರು ಎಂದು ಬರೆದ ಮಗುವಿಗೆ ಕಾರಣ ಹೇಳಲು ಅವಕಾಶ ಕೊಡೋಣ. ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಇಲ್ಲಿಯೇ ಹಾಕುತ್ತೇನೆ.